ಗೆಂಡೆಗೆ ಯಾವ ಗಾಳ? ವೈಡ್ ಗೇಪ್‌ನಿಂದ ಚಾಡ್‌ವರೆಗೆ ಒಂದು ಹೋಲಿಕೆ

ಗೆಂಡೆ ಹಿಡಿಯುವವರ ಪೆಟ್ಟಿಗೆ ತೆರೆದು ನೋಡಿದರೆ ಸೀಸದ ಗುಂಡು, ದಾರಗಳಿಗಿಂತ ಗಾಳದ ಪ್ಯಾಕೆಟ್ಟುಗಳೇ ಜಾಸ್ತಿ ಇರುತ್ತವೆ. ವೈಡ್ ಗೇಪ್, ಕರ್ವ್ ಶ್ಯಾಂಕ್, ಲಾಂಗ್ ಶ್ಯಾಂಕ್, ಚಾಡ್, ಸ್ಟಿಫ್ ರಿಗ್ಗರ್, ಕ್ರ್ಯಾಂಕ್. ಎಲ್ಲದರ ಮೇಲೂ ಇದಕ್ಕಿಂತ ಚೂಪಾದದ್ದು ಲೋಕದಲ್ಲೇ ಇಲ್ಲ ಎಂಬ ಧಾಟಿಯ ಬರಹ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ, ಹತ್ತೂ ಅವರವರ ಮಟ್ಟಿಗೆ ಸರಿ. ಏಕೆಂದರೆ ಒಬ್ಬೊಬ್ಬರ ಎರೆ ಬೇರೆ, ದಾರ ಬೇರೆ, ಮೀನು ಹಿಡಿಯುವ ತಳ ಬೇರೆ.

ಹಾಗಾಗಿ ಗಾಳದ ಆಕಾರಕ್ಕೆ ಬರುವ ಮುಂಚೆ ಮೂರು ವಿಷಯ ಗೊತ್ತುಮಾಡಿಕೊಳ್ಳಿ. ಎರೆ ತಳದಲ್ಲಿ ಮಲಗುತ್ತದೋ ತೇಲುತ್ತದೋ? ಗಾಳ ಕಟ್ಟುವ ತುದಿದಾರ ಮೆತ್ತಗಿನದೋ ಗಡುಸೋ? ತಳದಲ್ಲಿ ಇರುವುದು ಕೆಸರೋ, ಜಲ್ಲಿಯೋ, ಕಳೆಯೋ? ಇವು ಮೂರೂ ತಿಳಿದರೆ ಆಯ್ಕೆ ಎರಡು ಗಾಳಕ್ಕೆ ಇಳಿಯುತ್ತದೆ. ತಿಳಿಯದಿದ್ದರೆ ಅಂಗಡಿಯಲ್ಲಿರುವುದನ್ನೆಲ್ಲ ಕೊಂಡರೂ ಗೊಂದಲ ಮುಗಿಯುವುದಿಲ್ಲ.

ಗೆಂಡೆ ಕಚ್ಚುವುದಿಲ್ಲ

ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ. ಅರೆಯುವ ಹಲ್ಲುಗಳಿರುವುದು ಗಂಟಲಿನ ಹತ್ತಿರ. ಮೀನು ತುಟಿಯನ್ನು ಮಡಚಿಟ್ಟ ಸಂಚಿ ಬಿಚ್ಚಿದಂತೆ ಮುಂದಕ್ಕೂ ಕೆಳಕ್ಕೂ ಚಾಚಿ, ನೀರಿನ ಜೊತೆಗೇ ತಿನಿಸನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಬಂದದ್ದರಲ್ಲಿ ಬೇಕಾದದ್ದನ್ನು ಇಟ್ಟುಕೊಂಡು ಕಲ್ಲು, ಕಡ್ಡಿ, ಅನುಮಾನ ಹುಟ್ಟಿಸಿದ ಯಾವುದನ್ನಾದರೂ ಅಷ್ಟೇ ಬೇಗ ಹೊರಗೆ ಊದಿಬಿಡುತ್ತದೆ. ಗಾಳದ ಪಾಲಿಗೆ ಮುಖ್ಯವಾದ ಗಳಿಗೆ ಈ ಎರಡನೆಯದು. ಊದುವಾಗ ಗಾಳ ಹೊರಳಿ, ಮೊನೆ ಕೆಳಮುಖವಾಗಿ, ಕೆಳತುಟಿಯ ಒಳಭಾಗಕ್ಕೆ ತಾಗಬೇಕು. ತಾಗಿದ ಮೇಲೆ ಮೀನು ತಲೆ ಎತ್ತಿದರೆ ಗುಂಡಿನ ಭಾರ ಉಳಿದ ಕೆಲಸ ಮಾಡುತ್ತದೆ.

1970ರ ದಶಕದ ಕೊನೆಯವರೆಗೂ ಎರೆಯನ್ನು ಗಾಳದ ಮೇಲೇ ಚುಚ್ಚುತ್ತಿದ್ದರು. ಊದುವಾಗ ಮೊನೆ ಎರೆಯೊಳಗೇ ಹೂತಿರುತ್ತಿದ್ದರಿಂದ ಗಾಳ ಎಲ್ಲೂ ತಾಗದೆ ಎರೆಯ ಜೊತೆ ಹೊರಗೆ ಬಂದುಬಿಡುತ್ತಿತ್ತು. ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎರೆಯನ್ನು ಗಾಳದಿಂದ ಆಚೆ ಒಂದು ಎಳೆಗೆ ಕಟ್ಟಿ ನೇತುಹಾಕಿದರು. ಮೊದಲಿಗೆ ಆ ಎಳೆ ನಿಜವಾದ ತಲೆಗೂದಲೇ ಆಗಿತ್ತು, ಹೇರ್ ರಿಗ್ ಎಂಬ ಹೆಸರು ಅಲ್ಲಿಂದ ಬಂತು (ಗಾಳ, ದಾರ, ಎರೆ ಸೇರಿಸಿ ಕಟ್ಟುವ ಜೋಡಣೆಗೆ ರಿಗ್ ಎನ್ನುತ್ತಾರೆ). ಇವತ್ತು ಮಾರಾಟವಾಗುವ ಗೆಂಡೆ ಗಾಳಗಳಲ್ಲಿ ಹೆಚ್ಚಿನವು ಈ ಕಟ್ಟುವಿಕೆಗೆಂದೇ ರೂಪುಗೊಂಡವು. ಎರೆಯನ್ನು ನೇರವಾಗಿ ಗಾಳಕ್ಕೇ ಚುಚ್ಚುವವರಿಗೆ ಕೆಳಗಿನ ಹೋಲಿಕೆಯ ಅರ್ಧಭಾಗ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ತೆಳು ತಂತಿಯ, ಸಾಕಷ್ಟು ತೆರಪಿನ ಸಾದಾ ಗಾಳ ಸಾಕು.

ಭಾಗಗಳ ಹೆಸರನ್ನು ಒಮ್ಮೆ ಹೇಳಿಬಿಡುತ್ತೇನೆ. ದಾರ ತೂರಿಸುವುದು ಕಣ್ಣು. ಅಲ್ಲಿಂದ ಇಳಿಯುವುದು ಕಡ್ಡಿ. ತಿರುಗುವ ಜಾಗ ಬಾಗು. ತುದಿ ಮೊನೆ, ಅದರ ಹಿಂದೆ ಹಿಮ್ಮುಳ್ಳು. ಮೊನೆಗೂ ಕಡ್ಡಿಗೂ ನಡುವೆ ಇರುವ ಜಾಗವನ್ನು ಇಲ್ಲಿ ತೆರಪು ಎನ್ನುತ್ತೇನೆ.

ಮೊದಲು ಕಣ್ಣು ನೋಡಿ

ಗಾಳ ಕೈಗೆತ್ತಿಕೊಂಡವರ ದೃಷ್ಟಿ ಹೋಗುವುದು ಬಾಗು ಮತ್ತು ಮೊನೆಯ ಕಡೆ. ನನ್ನ ಪ್ರಕಾರ ನೋಡಬೇಕಾದದ್ದು ಇನ್ನೊಂದು ತುದಿಯನ್ನು. ಕಣ್ಣು ಯಾವ ಕಡೆಗೆ ವಾಲಿದೆ ಎಂಬುದು ಆ ಗಾಳ ಯಾವ ದಾರಕ್ಕೆ ಹೊಂದುತ್ತದೆ ಎಂಬುದನ್ನು ಹೇಳುತ್ತದೆ. ಇದನ್ನು ತಪ್ಪಿಸಿದರೆ ಎಷ್ಟೇ ದುಬಾರಿ ಗಾಳವೂ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಗೆಂಡೆ ಗಾಳವನ್ನು ಕಟ್ಟುವುದು ಸಾಮಾನ್ಯವಾಗಿ ಗಂಟಿಲ್ಲದ ಸುತ್ತಿನಿಂದ, ನಾಟ್‌ಲೆಸ್ ನಾಟ್ ಎನ್ನುತ್ತಾರಲ್ಲ, ಅದರಿಂದ. ದಾರವನ್ನು ಕಣ್ಣಿನ ಬೆನ್ನಿನ ಕಡೆಯಿಂದ ತೂರಿಸಿ, ಕಡ್ಡಿಯ ಮೇಲೆ ಏಳೆಂಟು ಸುತ್ತು ಬಿಗಿದು, ಮತ್ತೆ ಬೆನ್ನಿನ ಕಡೆಯಿಂದಲೇ ಕಣ್ಣಿಗೆ ತೂರಿಸುತ್ತಾರೆ. ಆಗ ದಾರ ಹೊರಬರುವುದು ಮೊನೆ ಇರುವ ಬದಿಗೆ. ಎಳೆದಾಗ ಗಾಳ ಹೊರಳುವುದಕ್ಕೆ ಕಾರಣವೇ ಇದು. ಮುಂದಿನಿಂದ ತೂರಿಸಿದರೆ ಗಾಳ ಹೊರಳುವುದರ ಬದಲು ನೇರವಾಗಿ ಜಾರಿಬರುತ್ತದೆ.

ಕಣ್ಣು ಮೊನೆಯ ಕಡೆಗೆ ವಾಲಿದ್ದರೆ ಅದು ಒಳಮುಖದ ಕಣ್ಣು. ಅದರಿಂದ ಹೊರಬರುವ ದಾರ ಸ್ವಲ್ಪ ಕೆಳಕ್ಕೆ, ಬಾಗಿನ ಕಡೆಗೆ ಮುಖಮಾಡಿರುತ್ತದೆ. ಹೆಣೆದ ಮೆತ್ತನೆ ದಾರವಾದರೆ ಕಣ್ಣು ದಾಟಿದ ತಕ್ಷಣ ಬಳುಕಿ ಹೋಗುತ್ತದೆ, ಎಳೆದ ಕೂಡಲೇ ಗಾಳ ಚುರುಕಾಗಿ ಹೊರಳುತ್ತದೆ. ಅದೇ ಕಣ್ಣಿಗೆ ಗಡುಸು ಫ್ಲೋರೋಕಾರ್ಬನ್ ದಾರ ಕಟ್ಟಿ ನೋಡಿ. ದಾರ ಬಳುಕುವುದಿಲ್ಲ, ಕೋಲಿನಂತೆ ಚಾಚಿಕೊಂಡು ತೆರಪಿಗೆ ಅಡ್ಡ ನಿಲ್ಲುತ್ತದೆ. ಮೊನೆ ತಾಗಬೇಕಾದ ಜಾಗಕ್ಕೆ ದಾರವೇ ಬಾಗಿಲು ಹಾಕಿದ ಹಾಗಾಯಿತು.

ಗಡುಸು ದಾರಕ್ಕೆ ಬೇಕಾದದ್ದು ಹೊರಮುಖದ ಕಣ್ಣು, ಎಂದರೆ ಮೊನೆಯಿಂದ ಆಚೆಗೆ ವಾಲಿದ್ದು. ಅದರಲ್ಲಿ ದಾರ ಮೇಲ್ಮುಖವಾಗಿ, ಕಡ್ಡಿಯ ಮುಂದುವರಿಕೆಯಂತೆ ಹೊರಡುತ್ತದೆ, ತೆರಪು ಪೂರ್ತಿ ತೆರೆದಿರುತ್ತದೆ. ನೇರ ಕಣ್ಣು ಎರಡರ ನಡುವಿನದು. ಮೇಲ್ಪದರವಿರುವ ಹೆಣೆದ ದಾರಕ್ಕೆ, ಸಾಧಾರಣ ಗಡಸುತನದ ಮಾನೊಗೆ, ಎಂದರೆ ಒಂಟಿ ಎಳೆಯ ನೈಲಾನ್ ದಾರಕ್ಕೆ, ಇದು ನಡೆಯುತ್ತದೆ. ಎರಡು ಬಗೆಯ ದಾರ ಬಳಸುವವರು ಒಂದೇ ಗಾಳ ಇಟ್ಟುಕೊಳ್ಳಬೇಕೆಂದಿದ್ದರೆ ನೇರ ಕಣ್ಣಿನದನ್ನು ಕೊಳ್ಳಲಿ.

ವೈಡ್ ಗೇಪ್: ಗೊತ್ತಿಲ್ಲದಿದ್ದರೆ ಇದನ್ನೇ

ಗಿಡ್ಡ ಅಥವಾ ಮಧ್ಯಮ ಕಡ್ಡಿ, ದುಂಡಗಿನ ದೊಡ್ಡ ಬಾಗು, ಅಗಲವಾದ ತೆರಪು. ಕಣ್ಣು ಸಾಮಾನ್ಯವಾಗಿ ಸ್ವಲ್ಪ ಒಳಮುಖ ಅಥವಾ ನೇರ. ಹೆಸರೇ ಹೇಳುವ ಹಾಗೆ ಇದರ ಬಂಡವಾಳ ತೆರಪು. ಬಾಯೊಳಗೆ ಯಾವ ದಿಕ್ಕಿನಲ್ಲಿ ಹೊರಳಿದರೂ ಮೊನೆ ಏನನ್ನಾದರೂ ತಾಕುವ ಸಾಧ್ಯತೆ ಹೆಚ್ಚು. ತಾಕಿದ ಮೇಲೆ ಬಾಗಿನ ತಳದಲ್ಲಿ ಸಾಕಷ್ಟು ಮಾಂಸ ಕೂರುವುದರಿಂದ ಹಿಡಿತ ಗಟ್ಟಿ.

ತಳದಲ್ಲಿ ಮಲಗುವ ಎರೆ, ಕೆಳಗೊಂದು ಮುಳುಗುವ ಬಾಯ್ಲಿಯ (ಹಿಟ್ಟು ನಾದಿ ಬೇಯಿಸಿದ ಉಂಡೆ) ಮೇಲೊಂದು ತೇಲುವ ಬಾಯ್ಲಿ ಕೂರಿಸುವ ಸ್ನೋಮ್ಯಾನ್, ಗಾಳದ ತೂಕಕ್ಕಷ್ಟೇ ಮುಳುಗುವ ವೇಫ್ಟರ್, ಎಲ್ಲಕ್ಕೂ ಇದು ಒಗ್ಗುತ್ತದೆ. ನೀರಿನಲ್ಲಿ ಕರಗುವ ಪಿವಿಎ ಚೀಲದೊಳಗೆ ಗಿಡ್ಡ ತುದಿದಾರದ ಜೊತೆ ಮಡಚಿಡುವುದಕ್ಕೂ ಇದರ ಗಿಡ್ಡ ಮೈ ಅನುಕೂಲ.

ಇದರ ದುರ್ಬಲ ಜಾಗವೂ ಕಡ್ಡಿಯೇ. ಗಿಡ್ಡ ಕಡ್ಡಿ ತಾನಾಗಿ ಜೋರಾಗಿ ಹೊರಳುವುದಿಲ್ಲ. ಅದಕ್ಕೇ ಅನೇಕರು ಕಣ್ಣಿನ ಮೇಲೆ ಬಿಸಿಗೆ ಕುಗ್ಗುವ ಸಣ್ಣದೊಂದು ಶ್ರಿಂಕ್ ಟ್ಯೂಬ್ ಏರಿಸಿ, ದಾರ ಮೊನೆಯ ಬದಿಯಿಂದಲೇ ಹೊರಬರುವಂತೆ ಬಿಸಿಹಬೆಯಲ್ಲಿ ಬಾಗಿಸುತ್ತಾರೆ. ಇಂಗ್ಲೆಂಡಿನ ಗೆಂಡೆ ಹಿಡಿಯುವ ಜಿಮ್ ಗಿಬ್ಬಿನ್ಸನ್ ಅವರ ಲೈನ್ ಅಲೈನರ್ ಎಂಬ ಉಪಾಯದ ತತ್ವವೂ ಇದೇ. ಒಂದೂವರೆ ಸೆಂಟಿಮೀಟರ್ ಟ್ಯೂಬ್ ಹಾಕಿದ ವೈಡ್ ಗೇಪ್ ಗಾಳಕ್ಕೂ ಬರೀ ಗಾಳಕ್ಕೂ ಇರುವ ವ್ಯತ್ಯಾಸ ಎರಡು ಕಂಪನಿಗಳ ಗಾಳಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಹೊಸ ಪ್ಯಾಕೆಟ್ಟು ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ.

ದಪ್ಪ ಎರೆ ಕಟ್ಟುವವರು ಇನ್ನೊಂದನ್ನು ಗಮನಿಸಬೇಕು. ಹೇರ್, ಎಂದರೆ ಎರೆ ನೇತಾಡುವ ಎಳೆ, ತೀರಾ ಗಿಡ್ಡವಾದರೆ ಎರೆ ಬಾಗಿಗೆ ಅಂಟಿ ನಿಂತು ತೆರಪನ್ನೇ ಮುಚ್ಚುತ್ತದೆ. ವೈಡ್ ಗೇಪ್ ತಂದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಬಾಗಿಗೂ ಎರೆಗೂ ನಡುವೆ ಐದರಿಂದ ಎಂಟು ಮಿಲಿಮೀಟರ್ ಇರಲಿ.

ಕರ್ವ್ ಶ್ಯಾಂಕ್: ಹೊರಳುವುದರಲ್ಲಿ ಎತ್ತಿದ ಕೈ

ಇಲ್ಲಿ ಕಡ್ಡಿಯೇ ಕಣ್ಣಿನಿಂದ ಬಾಗಿನವರೆಗೆ ಬಿಲ್ಲಿನಂತೆ ಬಗ್ಗಿರುತ್ತದೆ. ಕಣ್ಣು ಒಳಮುಖ, ಮೊನೆ ಬಹಳಷ್ಟು ಸಲ ಸ್ವಲ್ಪ ಒಳಕ್ಕೆ ಕೊಕ್ಕಿನಂತೆ ತಿರುಗಿರುತ್ತದೆ. ದಾರ ಎಳೆದ ಕ್ಷಣ ಮೈಯೇ ಹೊರಳಿ ಮೊನೆ ಕೆಳಗೆ ಬೀಳುತ್ತದೆ. ಟ್ಯೂಬಿನ ಅಗತ್ಯ ಕಡಿಮೆ. ಕಡ್ಡಿಯ ಮೇಲೆ ಸಣ್ಣ ಉಂಗುರ ಓಡಾಡುವ ಬ್ಲೋಬ್ಯಾಕ್ ರಿಗ್, ಎರೆಯನ್ನು ಕಡ್ಡಿಯ ಮೇಲ್ಭಾಗದಿಂದಲೇ ನೇತುಹಾಕುವ ಕೆಡಿ ರಿಗ್, ಸ್ವಿವೆಲ್ಲಿನ (ತಿರುಗುಕೊಂಡಿ) ಮೇಲೆ ಗಾಳ ಸುತ್ತಲೂ ತಿರುಗುವ ರಾನಿ ರಿಗ್, ಇವೆಲ್ಲದಕ್ಕೂ ಇದೇ ಮೊದಲ ಆಯ್ಕೆ.

ಕೊಡುವುದಿರುವ ಹಾಗೆ ಕಸಿದುಕೊಳ್ಳುವುದೂ ಇದೆ. ಕಡ್ಡಿ ಬಗ್ಗಿದ್ದರಿಂದ ಕಣ್ಣು ಮೊನೆಯ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಅದೇ ಸಂಖ್ಯೆಯ ವೈಡ್ ಗೇಪಿಗಿಂತ ಇದರ ನಿಜವಾದ ತೆರಪು ಕಡಿಮೆ. ನೀವು ವೈಡ್ ಗೇಪ್‌ನಲ್ಲಿ 6 ಬಳಸುತ್ತಿದ್ದರೆ ಕರ್ವ್ ಶ್ಯಾಂಕ್‌ನಲ್ಲಿ 4 ಹಿಡಿದು ನೋಡಿ (ಸಂಖ್ಯೆ ಇಳಿದಷ್ಟೂ ಗಾಳ ದೊಡ್ಡದು). ಗಡುಸು ದಾರದ ಜೊತೆ ಇದು ಹೊಂದುವುದಿಲ್ಲ, ಕಾರಣ ಮೇಲೆ ಕಣ್ಣಿನ ಮಾತಿನಲ್ಲಿ ಬಂದಿದೆ.

ಕಡ್ಡಿಯನ್ನು ಎಲ್ಲೆ ಮೀರಿ ಬಗ್ಗಿಸಿದರೆ ಏನಾಗುತ್ತದೆ ಎಂಬುದು ಇಂಗ್ಲೆಂಡಿನ ಗೆಂಡೆ ಹಿಡಿಯುವವರಿಗೆ ಚೆನ್ನಾಗಿ ಗೊತ್ತು. ಉದ್ದ ಕಡ್ಡಿಯ ಗಾಳವನ್ನು ನಡುವಿನಲ್ಲಿ ಕೋನವಾಗಿ ಬಗ್ಗಿಸಿದ ಬೆಂಟ್ ಹುಕ್ ರಿಗ್ ಒಂದು ಕಾಲಕ್ಕೆ ಭಾರಿ ಜನಪ್ರಿಯವಾಗಿತ್ತು, ಮೀನೂ ಚೆನ್ನಾಗಿ ಸಿಗುತ್ತಿತ್ತು. ಆದರೆ ಕಾದಾಟದ ಹೊತ್ತಿಗೆ ಆ ಕೋನ ಸನ್ನೆಕೋಲಿನಂತೆ ತಿರುಚಿ ಬಾಯಿಯನ್ನು ಹರಿಯತೊಡಗಿತು. ಅನೇಕ ಕಡೆ ಅದನ್ನು ನಿಷೇಧಿಸಿದರು. ಇಂದಿನ ಕರ್ವ್ ಶ್ಯಾಂಕ್‌ಗಳ ಕಡ್ಡಿ ನಯವಾಗಿ ಬಗ್ಗಿದ್ದು, ಆ ಗುಂಪಿಗೆ ಸೇರಿದ್ದಲ್ಲ. ಆದರೂ ಕಡ್ಡಿ ಹೆಚ್ಚು ಬಗ್ಗಿದಷ್ಟೂ ಗಾಳ ಬಿಡಿಸುವುದು ಕಷ್ಟ. ಫೋರ್ಸೆಪ್ಸ್ ಇಲ್ಲದೆ ಇದನ್ನು ಬಳಸಬೇಡಿ.

ಈ ಎರಡು ಆಕಾರಗಳ ನಡುವೆ ಒಂದು ಬೆರಕೆ ತಳಿ ಇದೆ. ಕೊರ್ಡಾ ಕಂಪನಿಯ ಕ್ರ್ಯಾಂಕ್ ಅದರಲ್ಲಿ ಹೆಸರಾದದ್ದು. ಕಡ್ಡಿ ಕೊಂಚ ಬಗ್ಗಿರುತ್ತದೆ, ತೆರಪು ವೈಡ್ ಗೇಪ್‌ನಷ್ಟೇ ಇರುತ್ತದೆ. ಎರಡರ ಒಳ್ಳೆಯ ಗುಣವೂ ಒಂದರಲ್ಲೇ ಬಂದಿದೆ ಎಂದು ಜಾಹೀರಾತು ಹೇಳುತ್ತದೆ. ನನಗನಿಸುವ ಮಟ್ಟಿಗೆ ಕಣ್ಣಿನ ಟ್ಯೂಬ್ ಹಾಕಲು ಬೇಸರಪಡುವವರಿಗೆ ಇದು ಸರಿಯಾದ ಗಾಳ. ಹಾಕುವ ಅಭ್ಯಾಸ ಇರುವವರಿಗೆ ಸಾದಾ ವೈಡ್ ಗೇಪ್ ಅದೇ ಕೆಲಸ ಮಾಡುತ್ತದೆ.

ಚಾಡ್ ಮತ್ತು ಸ್ಟಿಫ್ ರಿಗ್ಗರ್

ಕಣ್ಣು ಎದ್ದುಕಾಣುವಷ್ಟು ಹೊರಮುಖ, ಕಡ್ಡಿ ಗಿಡ್ಡ, ತೆರಪು ಅಗಲ, ತಂತಿ ದಪ್ಪ. ಇದು ತೇಲುವ ಎರೆಯ ಗಾಳ, ಗಡುಸು ದಾರದ ಗಾಳ. ಎರಡೂ ಇಲ್ಲದಿದ್ದರೆ ಕೊಳ್ಳುವ ಅಗತ್ಯವಿಲ್ಲ.

ಚಾಡ್ ರಿಗ್ ಎಂದರೆ ಗಡುಸು ಮಾನೊದ ಎರಡು ಮೂರು ಇಂಚಿನ ತುಂಡನ್ನು ಬಿಲ್ಲಿನಂತೆ ಬಾಗಿಸಿ, ಅದರ ತುದಿಗೆ ಗಾಳ ಮತ್ತು ತೇಲುವ ಬಾಯ್ಲಿ ಕಟ್ಟಿ, ಅದು ಗುಂಡಿನ ಮೇಲ್ಭಾಗದ ದಾರದ ಮೇಲೆ ಓಡಾಡುವಂತೆ ಬಿಡುವುದು. ಗುಂಡು ಕೆಸರಿಗೆ ಹೂತರೂ ಕಳೆಯ ಬುಡಕ್ಕೆ ಇಳಿದರೂ ಎರೆ ಅವುಗಳ ಮೇಲೆ ಕೂರುತ್ತದೆ. ದಾರದ ಬಿಲ್ಲು ಯಾವ ದಿಕ್ಕಿಗೆ ಬಾಗಿದೆಯೋ ಗಾಳದ ಮೊನೆಯೂ ಅದೇ ದಿಕ್ಕಿಗೆ ನೋಡಬೇಕು. ಹೊರಮುಖದ ಕಣ್ಣು ಅದಕ್ಕೆ ಎಡೆಮಾಡಿಕೊಡುತ್ತದೆ. ಒಳಮುಖದ ಕಣ್ಣಿನ ಕರ್ವ್ ಶ್ಯಾಂಕಿಗೆ ಇದೇ ದಾರ ಕಟ್ಟಿದರೆ ಬಿಲ್ಲು ಮತ್ತು ಕಡ್ಡಿ ಸೇರಿ ಬಳೆಯಂತೆ ಮುಚ್ಚಿಕೊಳ್ಳುತ್ತವೆ, ಮೊನೆಗೆ ದಾರಿಯೇ ಇರುವುದಿಲ್ಲ.

ಕಳೆಯ ನಡುವೆ ಮೀನನ್ನು ಎಳೆಯಬೇಕಾಗುವುದರಿಂದ ಈ ಗಾಳಗಳ ತಂತಿ ದಪ್ಪವಿರುತ್ತದೆ. ಇದೊಂದು ಒಳ್ಳೆಯ ಗುಣ. ಆದರೆ ದಪ್ಪ ತಂತಿಯನ್ನು ಒಳಗಿಳಿಸಲು ಹೆಚ್ಚು ಬಲ ಬೇಕು. ದೂರ ಎಸೆದು, ಹಿಗ್ಗುವ ಮಾನೊ ದಾರದಲ್ಲಿ ಆಡುವವರಿಗೆ ಗಾಳ ಅರ್ಧಕ್ಕೇ ನಿಂತು ಮೀನು ಬಿಚ್ಚಿಕೊಳ್ಳುವ ಅಪಾಯ ಇದೆ. ತೆರೆದ ನೀರಿನಲ್ಲಿ, ಸ್ವಚ್ಛ ತಳದಲ್ಲಿ ಚಾಡ್ ಗಾಳ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಲಾಂಗ್ ಶ್ಯಾಂಕ್, ಮತ್ತೆ ಒಂದೆರಡು

ಉದ್ದ ನೇರ ಕಡ್ಡಿಯ ಗಾಳ ಈಗ ಅಷ್ಟಾಗಿ ಚಾಲ್ತಿಯಲ್ಲಿಲ್ಲ. ಹೊರಳುವುದರಲ್ಲಿ ಅದಕ್ಕೇನೂ ಕೊರತೆಯಿಲ್ಲ. ಉದ್ದ ಕಡ್ಡಿ ತಾನೇ ಸನ್ನೆಯಾಗಿ ಮೊನೆಯನ್ನು ಕೆಳಕ್ಕೆ ತಳ್ಳುತ್ತದೆ, ಬಿಡಿಸುವಾಗ ಹಿಡಿಯಲೂ ಸುಲಭ. ತೊಂದರೆ ಆಮೇಲೆ. ಅದೇ ಸನ್ನೆ ಕಾದಾಟದ ಉದ್ದಕ್ಕೂ ಗಾಳ ನೆಟ್ಟ ತೂತನ್ನು ಅತ್ತಿತ್ತ ಅಲುಗಿಸಿ ಅಗಲ ಮಾಡುತ್ತದೆ. ದಾರ ಒಂದು ಕ್ಷಣ ಸಡಿಲವಾದರೆ ಗಾಳ ಬಿದ್ದುಹೋಗುತ್ತದೆ. ಸಣ್ಣ ಮೀನು, ಮೃದು ಕೋಲು ಇದ್ದಲ್ಲಿ ಚಿಂತೆಯಿಲ್ಲ.

ನೀರಿನ ಮೇಲೆ ತೇಲುವ ತಿನಿಸಿಗೆ ಬಾಯಿ ಹಾಕುವ ಗೆಂಡೆಗೆ, ಹಾಗೆಯೇ ನಡುನೀರಿನಲ್ಲಿ ಎರೆ ನಿಲ್ಲಿಸುವ ಜಿಗ್ ರಿಗ್‌ಗೆ ಆಕಾರಕ್ಕಿಂತ ತೂಕ ಮುಖ್ಯ. 8 ಅಥವಾ 10ರ, ತೆಳು ತಂತಿಯ ವೈಡ್ ಗೇಪ್ ಸಾಕು. ಭಾರವಾದ ಗಾಳ ಎರೆಯನ್ನು ಕೆಳಕ್ಕೆ ಜಗ್ಗುತ್ತದೆ, ಮೀನು ಹತ್ತಿರ ಬಂದು ನೋಡಿ ತಿರುಗುತ್ತದೆ.

ಕಡಲಿನ ಮೀನುಗಾರಿಕೆಯಲ್ಲಿ ಹೆಸರಾದ ಸರ್ಕಲ್ ಹುಕ್ ಗೆಂಡೆಗೆ ಏಕೆ ಬೇಡ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಅದರ ಮೊನೆ ಕಡ್ಡಿಯ ಕಡೆಗೇ ತಿರುಗಿರುತ್ತದೆ. ಎರೆ ನುಂಗಿ ಹೊರಟ ಮೀನಿನ ಬಾಯಿಯ ಮೂಲೆಗೆ ಜಾರಿ ಸಿಕ್ಕಿಕೊಳ್ಳುವಂತೆ ಅದನ್ನು ಮಾಡಿದ್ದಾರೆ. ಗೆಂಡೆ ನುಂಗಿ ಓಡುವ ಮೀನಲ್ಲ, ನಿಂತಲ್ಲೇ ಎಳೆದು ಊದುವ ಮೀನು. ಮೊನೆ ತೆರೆದಿರದ ಗಾಳ ಆ ಊದುವಿಕೆಯಲ್ಲಿ ತಾಗದೆ ಹೊರಗೆ ಬರುತ್ತದೆ.

ಮೊನೆ, ತಂತಿ, ಸಂಖ್ಯೆ

ಮೊನೆಯಲ್ಲಿ ಎರಡು ಜಾತಿ. ನೇರ ಮೊನೆ ಕಡಿಮೆ ಬಲದಲ್ಲಿ ಬೇಗ ಇಳಿಯುತ್ತದೆ. ಆದರೆ ಜಲ್ಲಿಯ ಮೇಲೆ ಎಳೆದಾಡಿದರೆ ತುದಿ ಮಡಚಿಕೊಳ್ಳುವುದೂ ಬೇಗ. ಒಳಕ್ಕೆ ತಿರುಗಿದ ಕೊಕ್ಕುಮೊನೆ ಕಲ್ಲಿನ ಏಟಿನಿಂದ ತುಸು ಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ, ಇಳಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ. ಇಳಿಯುವುದು ಮಾತ್ರ ಕೊಂಚ ನಿಧಾನ. ಅದನ್ನು ಅರದಿಂದ ಸಾಣೆ ಹಿಡಿಯುವುದೂ ಕಷ್ಟ. ಕೆಸರು ಮತ್ತು ಮೆತ್ತನೆ ತಳಕ್ಕೆ ನೇರ ಮೊನೆ, ಜಲ್ಲಿಗೆ ಕೊಕ್ಕುಮೊನೆ ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು.

ಚೂಪು ಸಾಕೋ ಇಲ್ಲವೋ ನೋಡಲು ಹೆಬ್ಬೆರಳ ಉಗುರೇ ಸಾಕು. ಮೊನೆಯನ್ನು ಉಗುರಿನ ಮೇಲೆ ಓರೆಯಾಗಿ ಇಟ್ಟು, ಒತ್ತದೆ, ಗಾಳದ ತೂಕದಲ್ಲೇ ಮೆಲ್ಲಗೆ ಎಳೆಯಿರಿ. ಚೂಪಾಗಿದ್ದರೆ ಮೊನೆ ಅಲ್ಲೇ ಕಚ್ಚಿ ನಿಲ್ಲುತ್ತದೆ, ಅಲುಗಿಸಿದರೂ ಜಾರುವುದಿಲ್ಲ. ಮೊಂಡಾಗಿದ್ದರೆ ತೆಳ್ಳನೆ ಬಿಳಿ ಗೆರೆ ಬಿಟ್ಟು ಜಾರುತ್ತದೆ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಕಾರಣವೂ ತಿಳಿಯುತ್ತದೆ. ತುದಿಯಲ್ಲಿ ಚುಕ್ಕಿಯಂಥ ಹೊಳಪು ಕಂಡರೆ ಅದು ಸವೆದು ಚಪ್ಪಟೆಯಾದ ಜಾಗ, ಒಂದು ಕಡೆಗೆ ಬಾಲ ಮೂಡಿದ್ದರೆ ಮೊನೆ ಮಡಚಿದೆ ಎಂದರ್ಥ. ಪ್ಯಾಕೆಟ್ಟಿನಿಂದ ಆಗ ತಾನೇ ತೆಗೆದ ಗಾಳದಲ್ಲೂ ಇವು ಇರಬಹುದು, ಆದ್ದರಿಂದ ಕಟ್ಟುವ ಮುಂಚೆಯೇ ಪರೀಕ್ಷಿಸಿ. ಮೊಂಡಾದ ಕರ್ವ್ ಶ್ಯಾಂಕಿಗಿಂತ ಚೂಪಾದ ಯಾವ ಗಾಳವಾದರೂ ಮೇಲು.

ಸಾಣೆ ಹಿಡಿಯುವವರು ಅರವನ್ನು ಬಾಗಿನ ಕಡೆಯಿಂದ ತುದಿಯ ಕಡೆಗೆ, ಒಂದೇ ದಿಕ್ಕಿನಲ್ಲಿ ಎಳೆಯಲಿ. ಲೇಪನ ಹೋದ ಲೋಹ ಒದ್ದೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅಳಿಯದ ಮಾರ್ಕರ್ ಪೆನ್ನಿನಿಂದ ಬಳಿದು ಇಡುವುದು ಒಳ್ಳೆಯದು. ಅರ ಹಿಡಿಯಲು ಕೈ ಕೂಡದಿದ್ದರೆ ಗಾಳ ಬದಲಿಸಿಬಿಡಿ.

ತಂತಿಯ ದಪ್ಪ ನಿಮ್ಮ ಉಳಿದ ಸಾಮಾನಿಗೆ ಹೊಂದಬೇಕು. ಹಿಗ್ಗದ ಹೆಣೆದ ದಾರ, ಗಡುಸು ಕೋಲು, ಹತ್ತಿರದಲ್ಲೇ ಬೇರು ಕಳೆ ಇದ್ದರೆ ದಪ್ಪ ತಂತಿ. ಮಾನೊ ದಾರ, ಮೆತ್ತನೆ ಕೋಲು, ತೆರೆದ ನೀರು ಇದ್ದರೆ ತೆಳುವಾದದ್ದು. ಇದನ್ನು ಅದಲುಬದಲು ಮಾಡಿದರೆ ಒಂದು ಕಡೆ ಗಾಳ ನೆಟ್ಟಗಾಗುತ್ತದೆ, ಇನ್ನೊಂದು ಕಡೆ ಇಳಿಯುವುದೇ ಇಲ್ಲ.

ಸಂಖ್ಯೆ ದೊಡ್ಡದಾದಷ್ಟೂ ಗಾಳ ಚಿಕ್ಕದು ಎಂಬುದು ಹೊಸಬರನ್ನು ಮೊದಲು ಗಲಿಬಿಲಿ ಮಾಡುತ್ತದೆ. ಅದಕ್ಕಿಂತ ದೊಡ್ಡ ಗಲಿಬಿಲಿ ಎಂದರೆ ಈ ಸಂಖ್ಯೆಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲದಿರುವುದು. ಒಬ್ಬರ 6 ಇನ್ನೊಬ್ಬರ 4ರಷ್ಟು ಇರಬಹುದು. ಹಾಗಾಗಿ ಸಂಖ್ಯೆ ನೆಚ್ಚದೆ ಎರೆಯ ಪಕ್ಕದಲ್ಲಿ ಗಾಳ ಇಟ್ಟು ನೋಡಿ. ಅಂದಾಜಿಗೆ, 10ರಿಂದ 12 ಮಿಲಿಮೀಟರಿನ ಬಾಯ್ಲಿಗೆ 6 ಅಥವಾ 8, 15ರಿಂದ 18ಕ್ಕೆ 4 ಅಥವಾ 6, 20ಕ್ಕೆ 4. ಮೆಕ್ಕೆಜೋಳದ ಒಂದೆರಡು ಕಾಳಿಗೆ 8 ಅಥವಾ 10. ಎರಡರ ನಡುವೆ ಅನುಮಾನ ಬಂದರೆ ನಾನು ದೊಡ್ಡದರ ಕಡೆಗೆ ವಾಲುತ್ತೇನೆ. ಗೆಂಡೆಯ ಬಾಯಿ ದೊಡ್ಡದು, ತುಟಿ ದಪ್ಪ. ಚಿಕ್ಕ ಗಾಳ ಮೀನಿಗೆ ಕಾಣದೆ ಇರಬಹುದು, ಹಿಡಿತ ಮಾತ್ರ ಚಿಕ್ಕದೇ.

ಹಿಮ್ಮುಳ್ಳು ಬೇಕೇ?

ಮೊದಲು ಮೀನು ಹಿಡಿಯುವ ಜಾಗದ ನಿಯಮ ಕೇಳಿ. ಬ್ರಿಟನ್ನಿನಲ್ಲಿ ಅನೇಕ ಕೊಳಗಳಲ್ಲಿ ಹಿಮ್ಮುಳ್ಳಿಲ್ಲದ ಗಾಳವೇ ಕಡ್ಡಾಯ. ನಿಯಮ ನಿಮಗೇ ಬಿಟ್ಟಿದ್ದರೆ ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಹಿಮ್ಮುಳ್ಳಿಲ್ಲದ್ದು ಸಲೀಸಾಗಿ ಆಳಕ್ಕೆ ಇಳಿಯುತ್ತದೆ, ಬಿಡಿಸುವುದು ಕ್ಷಣದ ಕೆಲಸ, ದಾರ ತುಂಡಾದರೂ ಮೀನು ತಾನಾಗಿ ಉದುರಿಸಿಕೊಳ್ಳಬಹುದು. ಆದರೆ ಅದು ತೂತಿನೊಳಗೆ ಓಡಾಡುತ್ತದೆ, ದಾರ ಸಡಿಲವಾದರೆ ಮೀನು ಹೋಗುತ್ತದೆ. ಸಣ್ಣ ಹಿಮ್ಮುಳ್ಳಿನ ಮೈಕ್ರೋ ಬಾರ್ಬ್ ಇದ್ದಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೀನನ್ನು ಮತ್ತೆ ನೀರಿಗೆ ಬಿಡುವವರು, ಕೋಲನ್ನು ಬಗ್ಗಿಸಿಯೇ ಇಟ್ಟುಕೊಳ್ಳಬಲ್ಲವರು ಹಿಮ್ಮುಳ್ಳಿಲ್ಲದ್ದನ್ನು ಬಳಸಲಿ. ಇಕ್ಕಳದಿಂದ ಹಿಮ್ಮುಳ್ಳನ್ನು ಒತ್ತಿ ಮಲಗಿಸಿದರೂ ಕೆಲಸ ಆಗುತ್ತದೆ, ಒಂದು ಸಣ್ಣ ಉಬ್ಬು ಉಳಿಯುತ್ತದೆ ಅಷ್ಟೆ. ಒತ್ತುವಾಗ ಮೊನೆಗೆ ಇಕ್ಕಳ ತಾಗದಿರಲಿ.

ಅಂಗೈ ಪರೀಕ್ಷೆ, ತುಟಿಯ ಸಾಕ್ಷಿ

ರಿಗ್ ಕಟ್ಟಿ ಮುಗಿದ ಮೇಲೆ ಎರೆಯ ಸಮೇತ ಅಂಗೈ ಮೇಲೆ ಮಲಗಿಸಿ, ತುದಿದಾರವನ್ನು ನಿಧಾನಕ್ಕೆ ಬೆರಳುಗಳ ಕಡೆಗೆ ಎಳೆಯಿರಿ. ಗಾಳ ಮಗ್ಗುಲಾಗಿದ್ದರೂ, ಬೆನ್ನ ಮೇಲೆ ಬಿದ್ದಿದ್ದರೂ, ಎಳೆದಂತೆ ಹೊರಳಿ ಮೊನೆ ಚರ್ಮವನ್ನು ಹುಡುಕಿಕೊಂಡು ಬರಬೇಕು. ಜಾರಿ ಬೆರಳಂಚು ದಾಟಿದರೆ ಏನೋ ಹೊಂದಿಲ್ಲ. ಆಗ ಗಾಳವನ್ನು ಬಯ್ಯುವ ಮುಂಚೆ ಹೇರ್ ಕಡ್ಡಿಯನ್ನು ಎಲ್ಲಿ ಬಿಡುತ್ತಿದೆ ನೋಡಿ. ವೈಡ್ ಗೇಪ್‌ನಲ್ಲಿ ಅದು ಹಿಮ್ಮುಳ್ಳಿನ ನೇರಕ್ಕೆ, ಕರ್ವ್ ಶ್ಯಾಂಕ್‌ನಲ್ಲಿ ಅದಕ್ಕಿಂತ ತುಸು ಮೇಲೆ ಬಿಟ್ಟರೆ ಸರಿಹೋಗುತ್ತದೆ. ಇಷ್ಟಾಗಿಯೂ ಈ ಪರೀಕ್ಷೆಗೆ ಒಂದು ಮಿತಿ ಇದೆ. ಅಂಗೈ ನೀರನ್ನು ಊದುವುದಿಲ್ಲ. ಅಂಗೈಯಲ್ಲಿ ಸೋತ ರಿಗ್ ನೀರಿನಲ್ಲಿ ಗೆಲ್ಲುವುದು ಅಪರೂಪ, ಅಂಗೈಯಲ್ಲಿ ಗೆದ್ದದ್ದು ನೀರಿನಲ್ಲೂ ಗೆದ್ದೇ ಗೆಲ್ಲುತ್ತದೆ ಎನ್ನಲಾಗದು.

ನಿಜವಾದ ತೀರ್ಪು ಸಿಗುವುದು ಮೀನನ್ನು ಒದ್ದೆ ಚಾಪೆಯ ಮೇಲೆ ಮಲಗಿಸಿ ಬಾಯಿ ನೋಡಿದಾಗ. ಕೆಳತುಟಿಯ ನಡುವಿನಲ್ಲಿ, ಅಂಚಿನಿಂದ ಒಂದೆರಡು ಸೆಂಟಿಮೀಟರ್ ಒಳಗೆ ಗಾಳ ನೆಟ್ಟಿದ್ದರೆ ಏನನ್ನೂ ಬದಲಿಸಬೇಡಿ, ಸ್ನೇಹಿತರು ಯಾವ ಹೊಸ ಗಾಳ ತಂದಿದ್ದರೂ ಸರಿ. ತುಟಿಯ ಅಂಚಿನ ತೊಗಲಿಗಷ್ಟೇ ಸಿಕ್ಕಿದ್ದರೆ ಗಾಳ ತಡವಾಗಿ ಹೊರಳುತ್ತಿದೆ. ಹೇರ್ ಉದ್ದ ಮಾಡಿ, ಟ್ಯೂಬ್ ಹಾಕಿ, ಆಮೇಲೂ ಹಾಗೇ ಇದ್ದರೆ ಕರ್ವ್ ಶ್ಯಾಂಕಿಗೆ ಹೋಗಿ. ಬಾಯಿಯ ಪಕ್ಕಕ್ಕೆ ಸಿಗುತ್ತಿದ್ದರೆ ಮೀನು ಎರೆ ತೆಗೆದುಕೊಂಡು ತಿರುಗುವವರೆಗೆ ಗಾಳ ಹೊರಳಿರಲಿಲ್ಲ. ತುದಿದಾರದ ಉದ್ದ ಕಡಿಮೆ ಮಾಡಿ ಅಥವಾ ಗುಂಡಿನ ತೂಕ ಹೆಚ್ಚಿಸಿ. ದಾರ ಎರಡು ಸಲ ಮಿಡಿದು ಸುಮ್ಮನಾಗುವುದು ಪದೇ ಪದೇ ಆಗುತ್ತಿದ್ದರೆ ಮೊದಲು ಉಗುರಿನ ಮೇಲೆ ಮೊನೆ ಎಳೆದು ನೋಡಿ.

ಹೊಸದಾಗಿ ಶುರುಮಾಡುವವರು ಕೊಳ್ಳಬೇಕಾದದ್ದು ಎರಡೇ ಪ್ಯಾಕೆಟ್ಟು. ಒಂದು 6ರ ವೈಡ್ ಗೇಪ್, ನೇರ ಮೊನೆಯದು, ಮೆತ್ತನೆ ದಾರ ಮತ್ತು ತಳದ ಎರೆಗೆ. ಇನ್ನೊಂದು 4ರ ಕರ್ವ್ ಶ್ಯಾಂಕ್, ತಳಕ್ಕಿಂತ ಒಂದಿಂಚು ಮೇಲೆ ನಿಲ್ಲುವ ತೇಲುವ ಎರೆಗೆ. ಚಾಡ್ ಗಾಳವನ್ನು ಕಳೆ ತುಂಬಿದ ನೀರು ಎದುರಾದ ದಿನ ತಂದರಾಯಿತು. ರಿಗ್‌ನಲ್ಲಿ ಏನಾದರೂ ಬದಲಿಸುವುದಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಹೇರ್, ಆಮೇಲೆ ಟ್ಯೂಬ್, ಆಮೇಲೆ ಗುಂಡು, ಕೊನೆಗೆ ಗಾಳ.